ವರನ ಮನೆ ನೋಡಲು ಹೋದ ಮಾವ

ಕುಂದಾಪುರದ ಮದುವೆ ಹಾಲ್‌ಗಳಿಗೆಲ್ಲ ಬೀಗ ಹಾಕಿಸಲು ನನ್ನ ಸೋದರಮಾವ ಒಬ್ಬರೇ ಸಾಕು! ಹೆಣ್ಣು ಕೊಡುವ ಮೊದಲು ಗಂಡಿನ ಮನೆ ನೋಡಿ ಬರುವುದು ನಮ್ಮ ಕಡೆಯ ವಾಡಿಕೆ. ಬೇರೆಯವರಾದರೆ ಅವಲಕ್ಕಿ ತಿಂದು, ಕಾಫಿ ಕುಡಿದು, "ಮನಿ ಚಂದ ಇತ್ತ್" ಎಂದು ಬರುತ್ತಾರೆ. ನಮ್ಮ ಮಾವ? ಜಗುಲಿಯನ್ನೂ ಹತ್ತದೆ ನೇರ ಕೊಟ್ಟಿಗೆಗೆ!

ತೊಂಬತ್ತೆಂಟರ ಸುಮಾರಿಗೆ ನನಗೆ ಗಂಡು ಹುಡುಕುತ್ತಿದ್ದರು. ಬ್ರಹ್ಮಾವರದ ಮನೆಯಲ್ಲಿ ಮಾವ ದನದ ಪಕ್ಕೆಲುಬು ಕಂಡು ಬಂದರು. "ದನುವಿಗೆ ಹುಲ್ ಹಾಕದವ್ರ್ ನಮ್ಮ್ ಹೆಣ್ಣಿಗೆ ಅನ್ನ ಹಾಕ್ತ್ರಾ?" ಸಂಬಂಧ ಮುರಿಯಿತು. ಹೆಮ್ಮಾಡಿಯಲ್ಲಿ ಮನೆ ಯಜಮಾನರು ಕೆಮ್ಮಿದ್ದಕ್ಕೇ ನಾಯಿ ಬಾಲ ಮಡಚಿ ಓಡಿತಂತೆ. ಅದೂ ಮುರಿಯಿತು.

"ಅಣ್ಣ, ನೀ ಹೆಣ್ಣಿಗೆ ಮದಿ ಮಾಡ್ಸುದಾ, ನಾಯಿ-ದನುವಿಗೆ ನ್ಯಾಯ ಮಾಡುದಾ?" ಎಂದು ಅಮ್ಮ ಹಣೆ ಚಚ್ಚಿಕೊಂಡಳು.

ಆಮೇಲೆ ಬೈಂದೂರಿನ ಹುಡುಗ ಬಂದ. ನಾನು ಗಾಬರಿಯಲ್ಲಿ ಅವನ ಬಿಳಿ ಅಂಗಿಯ ಮೇಲೆ ಕಾಫಿ ಚೆಲ್ಲಿದರೆ, "ಅಡ್ಡಿಲ್ಲ, ಸಕ್ರಿ ಸಮಾ ಇತ್ತ್" ಎಂದುಬಿಟ್ಟ. ಅಲ್ಲಿಗೆ ನನ್ನ ಕಥೆ ಮುಗಿಯಿತು! ಆದರೆ ಬಾಯಿ ಬಿಟ್ಟು ಹೇಳುವುದು ಹೇಗೆ? ಮಾವ ಆ ಮನೆ ನೋಡಲು ಹೊರಟ ದಿನ ಹಟ್ಟಿಯಂಗಡಿ ಗಣಪತಿಗೆ ಮನಸ್ಸಲ್ಲೇ ಹರಕೆ ಹೊತ್ತೆ.

ಸಂಜೆ ಮಾವ ಮುಖ ಊದಿಸಿಕೊಂಡು ಬಂದರು.

"ಬಾವಿ ನೀರ್ ಉಪ್ಪ್. ದನು ಹಾಯುಕೆ ಬಂತ್. ನಾಯಿ ಕಚ್ಚುಕೆ ಬಂತ್."

"ಹಂಗಾರೆ ಬ್ಯಾಡ್ದಾ?" ಎಂದಳು ಅಮ್ಮ.

"ಬ್ಯಾಡ ಅಂದವ್ರ್ ಯಾರೆ? ಅವ್ನ್ ಅಮ್ಮಂಗೆ ಕೈ ನೋವಂಬ್ರ್, ಆ ಗಂಡ್ ಹಿತ್ಲಂಗೆ ಕೂಕಂಡ್ ಮೀನ್ ಕೊಯ್ತಿದ್ದ. ನನ್ನ್ ಕಂಡ್ರೂ ನಾಚಿ ಕತ್ತಿ ಹುಗ್ಸಲಿಲ್ಲ. ದಿನ ಗೊತ್ತ್ ಮಾಡಿ!"

ನಾನು ಒಳಗೆ ಓಡಿ ಬಾಗಿಲ ಹಿಂದೆ ನಿಂತು ಉಸಿರು ಬಿಟ್ಟೆ.

ಮದುವೆಯ ದಿನ ಹೆಣ್ಣು ಒಪ್ಪಿಸಿದ್ದಾಯಿತು. ಕಾರು ಇನ್ನೇನು ಹೊರಡಬೇಕು, ಮಾವ ಓಡಿ ಬಂದು ಕಿಟಕಿಯೊಳಗೆ ತಲೆ ಹಾಕಿದರು. ಕಣ್ಣು ಕೆಂಪಾಗಿತ್ತು.

"ಮಗಾ, ನಿಂಗೆ ಇಂವ ಮನ್ಸಿಗೆ ಬಂದಿದ್ನಾ? ನಾವ್ ಯಾರೂ ನಿನ್ನ್ ಕೇಳ್ಲೇ ಇಲ್ಲ..."

"ಬಂದಿದ್ದ ಮಾವ" ಎಂದೆ.

ಅವರು ಕಿಟಕಿಯ ಮೇಲಿದ್ದ ನನ್ನ ಕೈಯನ್ನೊಮ್ಮೆ ಸವರಿ, ಹೆಗಲ ಶಾಲಿನಲ್ಲಿ ಮುಖ ಒರೆಸಿಕೊಂಡು, "ಸಾಕ್, ಇನ್ ಹೊರ್ಡಿ" ಎಂದರು.