ಜಗತ್ಕಲ್ಯಾಣದ ಅಫಜಲಪುರ ಶಾಖೆ

"ಇನ್ನ ಮ್ಯಾಲ ಮೂರೂ ತಾಲೂಕಿನ್ಯಾಗ ಯಾರ ಲಗ್ನ ಆದ್ರೂ ನನ್ನ ಕೇಳೇ ಆಗಬೇಕು!" ಎಂದು ಜಗದೇವಪ್ಪ ಚಹದ ಬಟ್ಟಲು ಕುಕ್ಕಿ ಶಪಥ ಮಾಡಿದ.

ಆಳಂದದ ಬಸ್ ನಿಲ್ದಾಣದೆದುರು ಅವನದು 'ಜಗತ್ಕಲ್ಯಾಣ ವಧು-ವರ ಕೇಂದ್ರ'. ಜಗತ್ತಿನ ಕಲ್ಯಾಣ ಹಾಗಿರಲಿ, ದೀಪಾವಳಿಯಿಂದೀಚೆಗೆ ಒಂದು ಕಲ್ಯಾಣವೂ ಕುದುರಿರಲಿಲ್ಲ. ಇಂಟರ್ನೆಟ್ಟಿನಲ್ಲಿ ಹುಡುಕಿದರೆ ಕಲಬುರಗಿಯ ಕೇಂದ್ರಗಳೇ ಮೇಲೆ! ಆಗ ಯಾವುದೋ ವಿಡಿಯೋ ಅವನಿಗೆ ಜ್ಞಾನೋದಯ ಮಾಡಿಸಿತು: ಅಂಗಡಿಯ ಹೆಸರು, ವಿಳಾಸ, ಫೋನ್ ನಂಬರನ್ನು ಕಂಡಕಂಡ ವೆಬ್‌ಸೈಟಿಗೆಲ್ಲ ಸೇರಿಸು, ಹೆಚ್ಚು ಕಡೆ ಇದ್ದವನೇ ಹುಡುಕಾಟದಲ್ಲಿ ಮೇಲೆ!

ಸೇರಿಸಿದ. ಟ್ರ್ಯಾಕ್ಟರ್ ಬಿಡಿಭಾಗದವರ ಸೈಟನ್ನೂ ಬಿಡಲಿಲ್ಲ. ಒಂದೇ ಊರು ಸಪ್ಪೆಯೆನಿಸಿ ಶಾಖೆಗಳನ್ನೂ ತೆರೆದ. ಜೇವರ್ಗಿ ಶಾಖೆ ಗೆಳೆಯ ಲಾಡ್ಲೆಸಾಬನ ಪಂಕ್ಚರ್ ಅಂಗಡಿ. ಅಫಜಲಪುರ ಶಾಖೆ ಸಾಕ್ಷಾತ್ ಅತ್ತೆ ನಿಂಬೆವ್ವನ ಮನೆ. ಇಬ್ಬರಿಗೂ ಹೇಳಲಿಲ್ಲ. ಹೇಳಿದ್ದರೆ ಶಾಖೆ ಹುಟ್ಟುತ್ತಿತ್ತೇ?

"ರೀ, ನಮ್ಮವ್ವನ ಮನಿ ಪಿನ್‌ಕೋಡ್ ಯಾಕ ಬೇಕಾತು?" ಎಂದಳು ಹೆಂಡತಿ ಸಪ್ನಾ.

"ಅತ್ತಿಯವರ ನೆನಪಾತು ಬೇ!"

"ನೆನಪಿಗೆ ಪಿನ್‌ಕೋಡ್ ಯಾಕ್ರಿ?"

ವಾರ ಕಳೆಯುವಷ್ಟರಲ್ಲಿ ಲಾಡ್ಲೆಸಾಬನ ಫೋನು. "ಅರೇ ಭಾಯ್, ಯಾರೋ ವರ ಬೇಕಂತ ಬಂದಾರ. ನನ್ನ ಕಡೆ ಟ್ಯೂಬ್ ಅದಾವ, ವರ ಇಲ್ಲ!"

ನಕ್ಕು ಫೋನ್ ಇಟ್ಟ. ಬೆನ್ನಿಗೇ ನಿಂಬೆವ್ವ!

"ಅಳಿಯಂದ್ರ, ಮಟಕಿಯಿಂದ ಒಂದು ಜೀಪ್ ಮಂದಿ ಬಂದು ಕುಂತಾರ. ಹೆಣ್ಣು ತೋರಸ್ರಿ ಅನ್ನಾಕತ್ತಾರ! ಈ ಮನ್ಯಾಗ ಹೆಣ್ಣಂದ್ರ ನಾ ಒಬ್ಬಾಕಿನೇ!"

ಮಟಕಿ! ಆಳಂದ ತಾಲೂಕಿನದೇ ಹಳ್ಳಿ! ಮೊಬೈಲ್ ನೋಡದೆ ಹೊರಟಿದ್ದರೆ ನೇರ ಅವನ ಅಂಗಡಿಗೇ ಬರುತ್ತಿದ್ದರು. ಜಗದೇವಪ್ಪ ಗಡಬಡಿಸಿ ಶಾಖೆ ಅಳಿಸಲು ಕುಳಿತ. ಆ ಸೈಟುಗಳೋ, ಒಂದನ್ನು ನೋಡಿ ಒಂದು ನಕಲು ಹೊಡೆದಿದ್ದವು. ರಕ್ತಬೀಜಾಸುರನ ಸಂತಾನ! ಇಲ್ಲಿ ಅಳಿಸಿದರೆ ಅಲ್ಲಿ ಅತ್ತೆಮನೆ ತಲೆಯೆತ್ತುತ್ತಿತ್ತು.

ಸಪ್ನಾ ಮೊಬೈಲ್ ಕಸಿದು ನೋಡಿದಳು. "ನನ್ನ ತವರಮನಿ ನಿಮ್ಮ ಬ್ರಾಂಚ್ ಏನ್ರಿ? ಏಳ್ರಿ, ಗಾಡಿ ತಗೀರಿ!"

ಇಬ್ಬರೂ ಅಫಜಲಪುರ ಮುಟ್ಟಿದರು. ಅಲ್ಲಿ ಮಟಕಿ ಮಂದಿ ಜಮಖಾನದ ಮೇಲೆ ಸಾಲಾಗಿ ಕುಳಿತು, ಮಂಡಕ್ಕಿ ಸುಸಲಾ ಮುಗಿಸಿ, ಎರಡನೇ ಚಹಕ್ಕೆ ಕಾಯುತ್ತಿದ್ದರು. ನಿಂಬೆವ್ವ ಬಾಗಿಲಲ್ಲೇ ಅಳಿಯನನ್ನು ಕಣ್ಣಲ್ಲಿ ಸುಟ್ಟಳು. ಜಗದೇವಪ್ಪ ತಲೆ ತಗ್ಗಿಸಿ, ಕೈಮುಗಿದು, ಇಸ್ತ್ರಿ ಅಂಗಿಯಲ್ಲಿ ಒಳಗೆ ಬಂದ.

ಮಟಕಿಯ ಹಿರಿಯರೊಬ್ಬರು ಕನಿಕರದಿಂದ ಸರಿದು ಜಾಗ ಕೊಟ್ಟರು. "ಬರ್ರಿ, ಕುಂದರ್ರಿ. ನೀವೂ ಹೆಣ್ಣು ನೋಡಾಕ ಬಂದೀರೇನ್ರಿ? ವಯಸ್ಸು ಜರಾ ಜಾಸ್ತಿ ಆಗ್ಯಾದ... ಇರ್ಲಿ ಬಿಡ್ರಿ."

ಬಾಗಿಲಿನಿಂದ ಸಪ್ನಾ ಉತ್ತರಿಸಿದಳು:

"ಇದೇ ಮನಿಗೆ ಬಂದು ನನ್ನ ನೋಡಿ ಹೋಗಿದ್ರು ಕಾಕಾ. ಆವಾಗ ಇವರ ಮ್ಯಾಲ ರಿವ್ಯೂ ಬರಿಯೋ ಸವಲತ್ತ ಇದ್ದಿದ್ರ, ಖರೇ ಹೇಳ್ತೇನಿ, ನಾ ಒಪ್ಪತಿದ್ದಿಲ್ಲ!"