ಲತೀನು ಪೂಜೆ, ನಮ್ಮೂರ ಕಿವಿ

ಎಲ್ಲರೂ ಮಂಡಿಯೂರಿ, ಕೈ ಮುಗಿದು, ನಗಲೇಬಾರದು ಅಂತ ತುಟಿ ಬಿಗಿದುಕೊಂಡಿರುವ ಜಾಗದಲ್ಲೇ ನಗು ಬರುವಂಥ ಸಂಗತಿಗಳು ನಡೆಯುತ್ತವಲ್ಲ, ಅದು ಯಾಕೋ ನನಗೆ ಇವತ್ತಿಗೂ ತಿಳಿದಿಲ್ಲ. ಹಾಸನದ ಸೀಮೆಯ ಒಂದು ಹಳೇ ದೊಡ್ಡ ಚರ್ಚಿನಲ್ಲಿ ನಾನು ಬಹಳ ವರ್ಷ ಉಪದೇಶಿಯಾಗಿದ್ದೆ. ಉಪದೇಶಿ ಅಂದರೆ ಜನಕ್ಕೆ ಜಪ ಕಲಿಸುವವನು, ಪೂಜೆಯಲ್ಲಿ ಹಾಡುವವನು, ಸ್ವಾಮಿಗಳಿಗೂ ಊರಿಗೂ ನಡುವೆ ಸಿಕ್ಕಿಹಾಕಿಕೊಳ್ಳುವವನು. ಸ್ವಾಮಿಗಳು, ಅಂದರೆ ನಮ್ಮ ಪಾದ್ರಿಗಳು, ಫ್ರಾನ್ಸಿನವರು. ಬಿಳಿ ಗಡ್ಡ, ಮಾಸಿದ ನಿಲುವಂಗಿ, ಮಗುವಿನಂಥ ಮನಸ್ಸು. ಕನ್ನಡವನ್ನು ಪುಸ್ತಕದಿಂದ ಕಲಿತಿದ್ದರು. ಪೂಜೆ ನಡೆಯುತ್ತಿದ್ದದ್ದು ಲತೀನು ಎಂಬ ರೋಮಿನ ಹಳೇ ಭಾಷೆಯಲ್ಲಿ. ಊರಿನವರು ಆಡುತ್ತಿದ್ದದ್ದು ಊರಿನ ಮಾತು. ಈ ಮೂರೂ ಒಂದೇ ಸೂರಿನಡಿ ಸೇರಿದರೆ ಏನಾಗಬೇಕೋ ಅದು ಆಗುತ್ತಿತ್ತು.

ಗೋಡೆಗೆ ಬೇಕಾದ ಸಾಮಾನು

ನಮ್ಮ ಸ್ವಾಮಿಗಳ ನಾಲಗೆಗೆ 'ಳ' ಹೊರಳುತ್ತಿರಲಿಲ್ಲ. 'ಹಳ್ಳಿ' ಹೋಗಿ 'ಹಲ್ಲಿ' ಆಗುತ್ತಿತ್ತು. "ನಾನು ನಾಲೆ ಹಲ್ಲಿಗಲನ್ನು ನೋಡಲು ಹೋಗುತ್ತೇನೆ" ಅಂದರೆ ಜನ ಗೋಡೆ ನೋಡುತ್ತಿದ್ದರು. ಕೊನೆಗೆ ಅವರೇ ಕೇಳಿಕೊಂಡರು ಅಂತ ದಿನಾ ಸಂಜೆ ಕೂತು, ನಾಲಗೆ ಮಡಿಚುವುದನ್ನು ಹೇಳಿಕೊಟ್ಟೆ. ಒಂದು ದಿನ 'ಳ' ಬಂದೇ ಬಂತು. ಬಂದದ್ದು ಮತ್ತೆ ಹೋಗಲಿಲ್ಲ. ಬೇಕಾದ ಕಡೆ, ಬೇಡದ ಕಡೆ, ಎಲ್ಲಾ ಕಡೆ 'ಳ'.

ಆ ವರ್ಷ ಮಳೆಗೆ ಚರ್ಚಿನ ಹಿಂದಿನ ಗೋಡೆ ಕುಸಿದಿತ್ತು. ಭಾನುವಾರ ಪ್ರಸಂಗ ಮುಗಿಸಿ ಸ್ವಾಮಿಗಳು ಗಟ್ಟಿಯಾಗಿ ಹೇಳಿದರು: "ಪ್ರಿಯರೇ, ಬರುವ ಶನಿವಾರ ಪ್ರತಿಯೊಂದು ಮನೆಯವರೂ ಕಳ್ಳು ತೆಗೆದುಕೊಂಡು ಬನ್ನಿರಿ. ಶಕ್ತಿ ಇದ್ದವರು ಹೆಚ್ಚು ತನ್ನಿರಿ. ಎಳ್ಳರೂ ಸೇರಿ ದೇವರ ಕೆಳಸ ಮಾಡೋಣ."

ಜನ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ನಾನು ತಿದ್ದೋಣ ಅಂತ ಏಳುವಷ್ಟರಲ್ಲಿ ಸ್ವಾಮಿಗಳು ಪೀಠದ ಕಡೆ ತಿರುಗಿ ಲತೀನಿಗೆ ಇಳಿದಾಗಿತ್ತು. ಪೂಜೆ ಮುಗಿದ ಮೇಲೆ ಬಾಗಿಲಲ್ಲಿ ನಿಂತು, "ಕಲ್ಲು ಕಣ್ರಪ್ಪಾ, ಕಲ್ಲು" ಅಂತ ಕೂಗಿದೆ. ಯಾರೂ ಕೇಳಿಸಿಕೊಳ್ಳುವ ಇಷ್ಟ ಇದ್ದವರಂತೆ ಕಾಣಲಿಲ್ಲ.

ಶನಿವಾರ ಬೆಳಿಗ್ಗೆ ಪಾಸ್ಕ ಹಬ್ಬಕ್ಕೂ, ಅಂದರೆ ಈಸ್ಟರಿಗೂ, ಬಾರದ ಜನವೆಲ್ಲ ಬಂದಿತ್ತು. ಮಡಕೆ, ಸೋರೆಬುರುಡೆ, ಬಿಂದಿಗೆ. ಸ್ವಾಮಿಗಳು ಒಂದರೊಳಗೆ ಬಗ್ಗಿ ಮೂಸಿ, "ಏನಿದು?" ಅಂದರು.

ಮುಂದೆ ನಿಂತಿದ್ದ ರೈತ ಕೈ ಮುಗಿದ. "ತಾವು ಏಳಿದ್ದೇ ಸಾಮಿ. ನಮ್ಮನೇದು ವಸಿ ಉಳಿ ಬಂದದೆ, ತಪ್ಪು ತಿಳ್ಕಾಬ್ಯಾಡಿ."

ಸ್ವಾಮಿಗಳು ನನ್ನ ಕಡೆ ತಿರುಗಿದರು. ನಾನು ವಿವರಿಸಿದೆ. ಪಾಪ, ಅವರ ಮುಖ ಕೆಂಪಾಗಿ ಹೋಯಿತು. ತಂದದ್ದನ್ನೆಲ್ಲ ವಾಪಸು ತೆಗೆದುಕೊಂಡು ಹೋಗಿ ಅಂದರು. ಜನ ತೆಗೆದುಕೊಂಡು ಹೋದರು, ಆದರೆ ತೋಪಿನ ತನಕ ಅಷ್ಟೇ. ಆ ದಿನ ಗೋಡೆ ಏಳಲಿಲ್ಲ. ತೋಪಿಗೆ ಹೋದವರಲ್ಲಿ ಕೆಲವರೂ ಏಳಲಿಲ್ಲ.

ಗದ್ದೆಗೆ ಹೋದವನು

ಹಾಡುಪೂಜೆಯ ಆರಂಭದಲ್ಲಿ 'ಕಿರಿಯೇ ಎಲೇಯಿಸೋನ್' ಅಂತ ಹಾಡುವುದಿದೆ. 'ಕರ್ತರೇ, ದಯೆ ತೋರಿ' ಅಂತ ಅದರ ಅರ್ಥ. ಹಳೇ ಧಾಟಿಯಲ್ಲಿ ಅದು ಬೇಗ ಮುಗಿದು ಹೋಗುತ್ತಿತ್ತು. ಒಂದು ವರ್ಷ ಸ್ವಾಮಿಗಳು ಹೊಸ ಧಾಟಿ ಕಲಿಸಿದರು, ಎಳೆದು ಎಳೆದು ಹಾಡುವಂಥದ್ದು.

ಊರಲ್ಲಿ ಒಬ್ಬ ವಿಧವೆ ತಾಯಿ. ಅವಳಿಗೆ ಇಬ್ಬರು ಗಂಡುಮಕ್ಕಳು. ಮನೆಯಲ್ಲಿ ದೊಡ್ಡವನನ್ನು ಹಿರಿಯ ಅಂತಲೂ ಚಿಕ್ಕವನನ್ನು ಕಿರಿಯ ಅಂತಲೂ ಕರೆಯುತ್ತಿದ್ದಳು. ಇಬ್ಬರಿಗೂ ಮೀಸೆ ಬಂದರೂ ಹೆಸರು ಹಾಗೇ ಉಳಿದಿತ್ತು. ಚಿಕ್ಕವನು ಪೂಜೆಗೆ ಬರುವುದಿಲ್ಲ ಅಂತ ಸ್ವಾಮಿಗಳು ಹಿಂದಿನ ವಾರವಷ್ಟೇ ಆಕೆಯನ್ನು ಗದರಿಸಿದ್ದರು.

ಆ ಭಾನುವಾರವೂ ಮಗ ಬಂದಿರಲಿಲ್ಲ. ಆಕೆ ಕಂಬದ ಮರೆಯಲ್ಲಿ ಸೆರಗು ಹೊದ್ದು ಕೂತಿದ್ದಳು. ನಾವು ಮೇಲಿನ ಅಟ್ಟದಿಂದ ಹೊಸ ಧಾಟಿಯಲ್ಲಿ ಎತ್ತಿದೆವು: "ಕಿರಿಯೇ... ಎಲೇ..." ಆಕೆ ಇನ್ನಷ್ಟು ಮುದುಡಿದಳು. ಎರಡನೇ ಸಲ: "ಕಿರಿಯೇ... ಎಲೇ..." ಸೆರಗು ಕಣ್ಣಿನ ತನಕ ಬಂತು. ಮೂರನೇ ಸಲಕ್ಕೆ ತಡೆಯಲಾರದೆ ಎದ್ದು ನಿಂತುಬಿಟ್ಟಳು.

"ಅದೆಷ್ಟು ಸಲ ಎಲ್ಲೇ ಎಲ್ಲೇ ಅಂತ ಕೇಳೀರಿ ಸಾಮಿ? ಗದ್ದೆಗೆ ನೀರು ಕಟ್ಟಕ್ಕೆ ಓಗವ್ನೆ! ಇರಿಯ ಇಲ್ಲೇ ಕುಂತವ್ನೆ, ಅವುನ್ನೂ ಕೇಳಿ!"

ಅಟ್ಟದಲ್ಲಿ ಹಾಡು ಅರ್ಧಕ್ಕೇ ನಿಂತಿತು. ಪೀಠದ ಹತ್ತಿರ ಸ್ವಾಮಿಗಳ ಬೆನ್ನು ಮಾತ್ರ ಕಾಣುತ್ತಿತ್ತು. ಅದು ಬಹಳ ಹೊತ್ತು ಅಲುಗಾಡಿತು.

ಮುಂದಿನ ಭಾನುವಾರ ನಾವು "ಕಿರಿಯೇ" ಅಂದದ್ದೇ ತಡ, ಮೊದಲನೇ ಸಾಲಿನಿಂದ ಮೀಸೆಯ ಆಳೊಬ್ಬ ಎದ್ದು ನಿಂತು ಕೈ ಎತ್ತಿದ. "ಇಲ್ಲೇ ಇವ್ನಿ ಸಾ!"

ಅತ್ತೆಯ ನಂತರ ಸೊಸೆ

ಪಾಪನಿವೇದನೆ ಗುಟ್ಟಿನ ವಿಷಯ. ಸ್ವಾಮಿಗಳು ಸತ್ತರೂ ಬಾಯಿ ಬಿಡುವ ಹಾಗಿಲ್ಲ. ಆದರೆ ನಿವೇದನೆ ಮಾಡುವವರಿಗೇ ಕಿವಿ ಮಂದವಾಗಿದ್ದರೆ ಯಾರೇನು ಮಾಡಲಾಗುತ್ತದೆ? ಒಬ್ಬ ಅಜ್ಜಿ ಹಾಗಿದ್ದಳು. ಪಿಸುಮಾತು ಅಂದುಕೊಂಡು ಆಕೆ ಆಡಿದ್ದು ಹೊರಗಿನ ಹುಣಸೇಮರದ ತನಕ ಕೇಳುತ್ತಿತ್ತು.

ಪಾಸ್ಕ ಹಬ್ಬದ ಮುಂಚೆ, ಸರದಿಯಲ್ಲಿ ಅಜ್ಜಿ ಮುಂದೆ, ಸೊಸೆ ಹಿಂದೆ. ಅಜ್ಜಿ ಮಂಡಿಯೂರಿ ಶುರು ಮಾಡಿದಳು. "ಸಾಮಿ, ಬೆಣ್ಣೆ ಕಾಯಿಸಿ ಅರ್ಧ ತುಪ್ಪ ತವರುಮನೆಗೆ ಕಳಿಸೋದು. ಉಪಾಸದ ಶುಕ್ರವಾರ ಕದ್ದು ಒಣಬಾಡು ಸುಟ್ಕೊಂಡು ತಿನ್ನೋದು. ಮಾತಿಗೆ ಮಾತು ಕೊಡೋದು. ಅತ್ತೆ ಎದುರ್ಗೇ ಪಾತ್ರೆ ಕುಕ್ಕೋದು."

ಸ್ವಾಮಿಗಳಿಗೆ ಅನುಮಾನ ಬಂತು. ಆಕೆಗೆ ಕೇಳಲಿ ಅಂತ ಗಟ್ಟಿಯಾಗಿ ಅಂದರು: "ಅಮ್ಮಾ, ನಿನಗೆ ಅತ್ತೆ ಇದ್ದಾರೆಯೇ?"

"ನಂಗೆಲ್ಲಿ ಸಾಮಿ! ಇವೆಲ್ಲ ನಮ್ ಸೊಸೇವು. ಅವಳು ಒಂದೂ ಏಳಾಕಿಲ್ಲ, ಅದ್ಕೇ ನಾನೇ ನೆಪ್ಪಿಟ್ಕಂಡು ಬಂದಿವ್ನಿ."

"ನಿನ್ನ ಪಾಪ ಹೇಳಮ್ಮಾ."

ಅಜ್ಜಿ ಸ್ವಲ್ಪ ಹೊತ್ತು ಯೋಚನೆ ಮಾಡಿ, "ಅವಳ ಮ್ಯಾಲೆ ಕ್ವಾಪ ಬತ್ತದೆ" ಅಂದಳು. ಸ್ವಾಮಿಗಳು ಪ್ರಾಯಶ್ಚಿತ್ತಕ್ಕೆ ಒಂದು ಜಪಮಾಲೆ ಜಪಿಸು ಅಂತ ಹೇಳಿ ಕಳಿಸಿದರು.

ಸರದಿಯಲ್ಲಿದ್ದ ಜನ ಸೊಸೆಯನ್ನೇ ನೋಡುತ್ತಿದ್ದರು. ಅವಳು ಅತ್ತರೆ ಏನು ಗತಿ, ಜಗಳ ತೆಗೆದರೆ ಏನು ಗತಿ ಅಂತ ನಾನೂ ಸರದಿಯ ಹತ್ತಿರಕ್ಕೆ ಸರಿದೆ. ಅವಳು ಸೆರಗು ಸರಿಮಾಡಿಕೊಂಡು, ನೆಟ್ಟಗೆ ಹೋಗಿ ಮಂಡಿಯೂರಿ, ಎಲ್ಲರಿಗೂ ಕೇಳುವ ಹಾಗೆ ಹೇಳಿದಳು:

"ನಮ್ಮತ್ತೆ ಎಲ್ಲಾನೂ ಏಳವ್ರೆ ಸಾಮಿ. ಒಣಬಾಡು ಮಾತ್ರ ಇಬ್ರೂ ತಿಂದದ್ದು."

ಬೂದಿ ಬುಧವಾರ

ಪಾಸ್ಕಕ್ಕೆ ಮುಂಚಿನ ಉಪವಾಸದ ತಪಸ್ಸುಕಾಲ ಶುರುವಾಗುವ ಬೂದಿ ಬುಧವಾರದ ದಿನ ಸ್ವಾಮಿಗಳು ನಮ್ಮ ಹಣೆಗೆ ಬೂದಿಯಲ್ಲಿ ಶಿಲುಬೆ ಎಳೆಯುತ್ತಿದ್ದರು. ಅದನ್ನು ಹಚ್ಚಿಕೊಂಡೇ ನಾನು ಒಂದು ವರ್ಷ ಹೊಳೆನರಸೀಪುರಕ್ಕೆ ಹೋದೆ. ಚರ್ಚಿನ ಸ್ವರೂಪಗಳಿಗೆಲ್ಲ, ಅಂದರೆ ಪ್ರತಿಮೆಗಳಿಗೆಲ್ಲ, ತಪಸ್ಸುಕಾಲದಲ್ಲಿ ನೇರಳೆ ಬಟ್ಟೆ ಮುಚ್ಚಬೇಕು, ಆ ಬಟ್ಟೆ ತರಬೇಕಿತ್ತು.

ಬಟ್ಟೆ ಅಂಗಡಿಯ ಯಜಮಾನರು ದೊಡ್ಡ ಶಿವಭಕ್ತರು. ನನ್ನ ಹಣೆ ನೋಡಿದವರೇ ಗದ್ದುಗೆಯಿಂದ ಎದ್ದು ನಿಂತರು.

"ಏನು ಉಪದೇಶಿಗಳೇ, ವಿಭೂತಿ! ಬನ್ನಿ ಬನ್ನಿ, ಕೂತ್ಕೊಳಿ. ಎಷ್ಟು ಸಂತೋಷ ಆಯ್ತು ಅಂತೀರಿ!" ಆಮೇಲೆ ಹತ್ತಿರ ಬಂದು ದಿಟ್ಟಿಸಿದರು. "ಆದ್ರೆ ಹಚ್ಚಿದೋರಿಗೆ ಪದ್ಧತಿ ಗೊತ್ತಿಲ್ಲ. ಒಂದು ಗೆರೆ ಅಡ್ಡ, ಒಂದು ಉದ್ದ ಹೋಗಿದೆ. ವಯಸ್ಸಾದವರೇನೋ, ಕೈ ನಡುಗಿರಬೇಕು ಬಿಡಿ."

ನಾನು ಬಾಯಿ ತೆಗೆಯುವಷ್ಟರಲ್ಲಿ ಒದ್ದೆ ಬಟ್ಟೆಯಲ್ಲಿ ಹಣೆ ಒರೆಸಿ, ತಮ್ಮ ವಿಭೂತಿ ಗಟ್ಟಿ ತೆಗೆದು, ಕಣ್ಣು ಮುಚ್ಚಿ, ಭಕ್ತಿಯಿಂದ ಅಡ್ಡಡ್ಡ ಮೂರು ಪಟ್ಟೆ ಎಳೆದೇಬಿಟ್ಟರು. ಅಷ್ಟು ಪ್ರೀತಿಯಿಂದ ಮಾಡಿದ್ದನ್ನು ಅವರೆದುರಿಗೇ ಹೇಗೆ ಅಳಿಸಲಿ? ದಾರಿಯಲ್ಲಿ ಅಳಿಸೋಣ ಅಂದುಕೊಂಡೆ, ಮರೆತುಹೋಯಿತು.

ಚರ್ಚಿನ ಮೆಟ್ಟಿಲ ಮೇಲೆ ಸ್ವಾಮಿಗಳೇ ನಿಂತಿದ್ದರು. ನನ್ನ ಹಣೆಯನ್ನು ಬಹಳ ಹೊತ್ತು ನೋಡಿದರು. ನಾನು ತಡವರಿಸುತ್ತಾ ನಡೆದದ್ದನ್ನು ಹೇಳಿದೆ.

"ಮನುಷ್ಯನೇ, ನೀನು ಮಣ್ಣು, ಮಣ್ಣಿಗೇ ಮರಳುವೆ ಎಂದು ಹೇಳಿ ನಾನು ಹಚ್ಚಿದೆ" ಅಂದರು ಸ್ವಾಮಿಗಳು. "ಅವರು ಏನು ಹೇಳಿ ಹಚ್ಚಿದರು?"

"ಗಜಕ್ಕೆ ಎರಡಾಣೆ ಬಿಡ್ತೀನಿ ಅಂದ್ರು, ಸ್ವಾಮಿ."

ಗಂಟೆಯ ಪ್ರಯಾಣ

ಪಾಸ್ಕ ಹಬ್ಬಕ್ಕೆ ಮುಂಚೆ, ಗುರುವಾರದ ಪೂಜೆಯಿಂದ ಶನಿವಾರದ ಪೂಜೆಯ ತನಕ, ಚರ್ಚಿನ ಗಂಟೆ ಬಾರಿಸುವಂತಿಲ್ಲ. ಯೇಸುಸ್ವಾಮಿಯ ಮರಣದ ದುಃಖ ಅದು. ಮರದ ಗಿಲಕಿ ಆಡಿಸಿ ಜನರನ್ನು ಕರೆಯುತ್ತಿದ್ದೆವು. ಸ್ವಾಮಿಗಳ ಊರಿನಲ್ಲಿ ಮಕ್ಕಳಿಗೆ ಒಂದು ಕಥೆ ಹೇಳುತ್ತಾರಂತೆ. ಗಂಟೆಗಳೆಲ್ಲ ಹಾರಿಕೊಂಡು ರೋಮಿಗೆ ಹೋಗಿರುತ್ತವೆ, ಅದಕ್ಕೇ ಸದ್ದಿಲ್ಲ ಅಂತ. ಇವರೂ ಇಲ್ಲಿ ಅದನ್ನೇ ಹೇಳುತ್ತಿದ್ದರು.

ಎರಡನೇ ಮಹಾಯುದ್ಧದ ಕಾಲ. ಪೆಟ್ರೋಲಿಲ್ಲದೆ ಬಸ್ಸುಗಳು ಇದ್ದಿಲ ಹೊಗೆಯಲ್ಲಿ ಓಡುತ್ತಿದ್ದವು, ದಾರಿಯಲ್ಲೇ ಕೆಟ್ಟು ನಿಲ್ಲುತ್ತಿದ್ದವು. ನಮ್ಮ ಗಂಟೆಯ ಸದ್ದಿಗೇ ಎತ್ತು ಬಿಚ್ಚಿ ಊಟಕ್ಕೆ ಏಳುತ್ತಿದ್ದ ಪಕ್ಕದೂರಿನ ಗೌಡರೊಬ್ಬರಿಗೆ ಶುಕ್ರವಾರ ಮಧ್ಯಾಹ್ನ ಗಂಟೆ ಕೇಳಿಸಲಿಲ್ಲ. ಆಳನ್ನು ಅಟ್ಟಿದರು. ಚರ್ಚಿನ ಅಡಿಗೆಯವನು ಆ ಆಳಿಗೆ, "ಗಂಟೆ ರೋಮಿಗೆ ಓಗದೆ ಕಣ್ಲಾ" ಅಂದ. ಆಳು ಗೌಡರಿಗೆ ಹೇಳಿದ. ಅಂದು ಸಂಜೆ ಹಾಸನದಲ್ಲಿ ಗೌಡರು ಯಾರಿಗೋ ಹೇಳಿದರು. ರೋಮು ಇರುವುದು ಇಟಲಿಯಲ್ಲಿ, ಇಟಲಿ ಆಗ ಶತ್ರು ದೇಶ ಅಂತ ಆ ಯಾರಿಗೋ ಗೊತ್ತಿತ್ತು.

ಶನಿವಾರ ಬೆಳಿಗ್ಗೆ ಒಳಗೆ ಪೂಜೆ ನಡೆಯುತ್ತಿತ್ತು. ಸ್ವಾಮಿಗಳು 'ಗ್ಲೋರಿಯ' ಅನ್ನುವ ಸ್ತುತಿಗೀತೆ ಎತ್ತಿದ ಕೂಡಲೇ ಗಂಟೆ ಬಾರಿಸಬೇಕು ಅಂತ ನಾನು ಗೋಪುರದ ಕೆಳಗೆ ಹಗ್ಗ ಹಿಡಿದು, ಕಿವಿಯನ್ನು ಒಳಗೆ ಬಿಟ್ಟುಕೊಂಡು ನಿಂತಿದ್ದೆ. ಬೆವರು ಸುರಿಸುತ್ತಾ, ಮೈಯೆಲ್ಲ ಧೂಳು ಮಾಡಿಕೊಂಡು ಒಬ್ಬರು ಪೊಲೀಸು ದಫೇದಾರರು ನಡೆದುಕೊಂಡು ಬಂದರು.

"ಗಂಟೆ ಎಲ್ರೀ?"

"ಸ್ವಲ್ಪ ತಡೀರಿ ದಫೇದಾರರೇ, ಒಳಗೆ ಪೂಜೆ..."

"ಪೂಜೆ ಆಮೇಲೆ! ಗಂಟೆನ ದುಶ್ಮನ್ ದೇಶಕ್ಕೆ ಸಾಗಿಸಿದ್ದೀರಂತೆ. ಅಲ್ಲಿ ಕರಗಿಸಿ ಫಿರಂಗಿ ಎರಕ ಉಯ್ತಾರಂತೆ. ಜವಾಬು ಹೇಳಿ. ನಿಮ್ಮನ್ನೂ ಸ್ವಾಮಿಗಳನ್ನೂ ಹಾಸನಕ್ಕೆ ಕರ್ಕೊಂಡು ಹೋಗಬೇಕಾಗ್ತದೆ."

ಪರದೇಶದ ಮುದುಕ ಸ್ವಾಮಿಗಳು, ಹಬ್ಬದ ದಿನ, ಪೊಲೀಸಿನವರ ಹಿಂದೆ ನಡೆದುಕೊಂಡು ಹೋಗುವುದು ಕಣ್ಣಿಗೆ ಕಟ್ಟಿತು. "ಅದು ಕಥೆ ಕಣ್ರೀ, ಗಂಟೆ ನಿಜವಾಗಿ..." ಅನ್ನುವಷ್ಟರಲ್ಲಿ ಒಳಗಿನಿಂದ "ಗ್ಲೋರಿಯ" ಅಂತ ಕೇಳಿಸಿತು. ಇದ್ದ ಶಕ್ತಿಯೆಲ್ಲ ಹಾಕಿ ಹಗ್ಗ ಜಗ್ಗಿದೆ.

ದಫೇದಾರರ ನೆತ್ತಿಯ ಮೇಲೇ ಗಂಟೆ ಢಣಾರನೆ ಹೊಡೆಯಿತು. ಪಾರಿವಾಳಗಳೆಲ್ಲ ಒಟ್ಟಿಗೆ ಎದ್ದವು. ದಫೇದಾರರ ರುಮಾಲು ಉರುಳಿ ಬಿತ್ತು. ಅವರು ಕಿವಿ ಮುಚ್ಚಿಕೊಂಡು ಮೇಲೆ ನೋಡಿದರು, ನನ್ನನ್ನು ನೋಡಿದರು, ಮತ್ತೆ ಮೇಲೆ ನೋಡಿದರು.

ಗಂಟೆ ನಿಂತ ಮೇಲೆ ರುಮಾಲು ಎತ್ತಿ ಧೂಳು ಕೊಡವಿಕೊಂಡು, ಮೆಟ್ಟಿಲ ಮೇಲೆ ಕುಸಿದು ಕೂತರು.

"ಹೋಗಿದ್ದು ನಿಜವೇನ್ರೀ?"

"ಹಾಗಂತಾರೆ" ಅಂದೆ. ಹಗ್ಗ ಜಗ್ಗಿ ನನಗೂ ಉಸಿರಿರಲಿಲ್ಲ.

ದಫೇದಾರರು ರಸ್ತೆಯ ಕಡೆ ನೋಡುತ್ತಾ ನಿಟ್ಟುಸಿರು ಬಿಟ್ಟರು.

"ರೋಮಿಗೆ ಹೋಗಿ ಗಂಟೆ ವಾಪಸು ಬಂದ್ಬುಡ್ತು. ಹಾಸನದಲ್ಲಿ ನಾನು ಹತ್ತಿದ ಇದ್ದಿಲು ಬಸ್ಸು ಇನ್ನೂ ಬಂದಿಲ್ಲ ನೋಡಿ!"