ದೀವದ ಹಕ್ಕಿ

ಮಹಾಲಿಂಗಪ್ಪನಿಗೆ ಅಗಳಿ ಹಾಕುವುದೊಂದು ಬರುತ್ತಿರಲಿಲ್ಲ. ಧಾರವಾಡ ಬಿಟ್ಟು ಲಂಡನ್ನಿನ ಅಂಚಿನ ಅಕ್ಸ್‌ಬ್ರಿಡ್ಜಿಗೆ ಬಂದು ಹದಿನೆಂಟು ವರ್ಷವಾಗಿತ್ತು. ಇಲ್ಲಿಯ ಇಂಗ್ಲಿಷು ಕಲಿತ, ಕಾರು ಕಲಿತ, ಕ್ಯೂನಲ್ಲಿ ಬಾಯಿ ಮುಚ್ಚಿಕೊಂಡು ನಿಲ್ಲುವುದನ್ನೂ ಕಲಿತ. ಗೇಟು ದಾಟಿದ ಮೇಲೆ ಹಿಂದಕ್ಕೆ ತಿರುಗಿ ಅಗಳಿ ಹಾಕಬೇಕು ಅನ್ನುವುದು ಮಾತ್ರ ತಲೆಗೆ ಹತ್ತಲಿಲ್ಲ. ಹೆಂಡತಿ ಬಸಲಿಂಗವ್ವ ಬೈದು ಬೈದು ಸಾಕಾಗಿ ಕೈಬಿಟ್ಟಿದ್ದಳು. ಪಕ್ಕದ ಮನೆಯ ಡೋರೀನ್ ಮುದುಕಿ ಪಾಪ, ಬೈಯದೆ ದಿನಾ ತಾನೇ ಬಂದು ಹಾಕಿ ಹೋಗುತ್ತಿದ್ದಳು.

ಇಂಥವನ ಕೈಗೆ ಆಕೆ ತನ್ನ ಟರ್ಕಿ ಕೋಳಿಯ ಹುಂಜವನ್ನು ಒಪ್ಪಿಸಿದ್ದು ೨೦೦೩ರ ಮೇ ತಿಂಗಳ ಮೊದಲ ಶನಿವಾರ.

ಹುಂಜದ ಹೆಸರು ರೆಜಿ. ಡೋರೀನಳ ಗಂಡ ಮರಿಯಿಂದ ಸಾಕಿದ್ದು. ಅವನು ಕಣ್ಣು ಮುಚ್ಚುವ ಮುಂಚೆ ಹೆಂಡತಿಯಿಂದ ಮೂರು ಮಾತು ತೆಗೆದುಕೊಂಡಿದ್ದ: ಇದನ್ನು ಮಾರಬಾರದು, ಕೊಲ್ಲಬಾರದು, ಯಾರಿಗೂ ಕೊಡಬಾರದು. ಮುದುಕಿ ಮೂರು ವರ್ಷ ಮೂರೂ ಮಾತು ಪಾಲಿಸಿದ್ದಳು. ರೆಜಿ ದಿನಾ ಬೆಳಗಿನ ನಾಲ್ಕೂವರೆಗೆ ಗುಳುಗುಳು ಅಂತ ಕೂಗಿ ಇಡೀ ಬೀದಿಯನ್ನು ಎಬ್ಬಿಸುತ್ತಿತ್ತು. ಮಕ್ಕಳಿಲ್ಲದ ಆ ಮನೆಯಲ್ಲಿ ಗಂಡನ ನೆನಪು ಅಂತ ಉಳಿದಿದ್ದು ಅದೊಂದೇ ಅನ್ನುವುದು ಎಲ್ಲರಿಗೂ ಗೊತ್ತಿದ್ದರಿಂದ ಯಾರೂ ತುಟಿ ಬಿಚ್ಚುತ್ತಿರಲಿಲ್ಲ.

ಆ ಶನಿವಾರ ಡೋರೀನ್ ಬ್ರೈಟನ್ನಿನ ತಂಗಿಯ ಮನೆಗೆ ಹೊರಟಿದ್ದಳು, ಸಂಜೆ ನಾಲ್ಕಕ್ಕೆ ವಾಪಸು. ಹೋಗುವಾಗ ಮಹಾಲಿಂಗಪ್ಪನ ಕೈ ಹಿಡಿದು, “ಈ ಬೀದಿಯಲ್ಲಿ ನಿನ್ನಂಥ ಶಾಕಾಹಾರಿ ಇನ್ನೊಬ್ಬನಿಲ್ಲ. ರೆಜಿಯನ್ನು ನಿನ್ನ ಕೈಲಿ ಬಿಡದೆ ಇನ್ಯಾರ ಕೈಲಿ ಬಿಡಲಿ?” ಅಂದಳು. ಮಹಾಲಿಂಗಪ್ಪನ ಎದೆ ಪೂರಿಯ ಹಾಗೆ ಉಬ್ಬಿತು. ಅವತ್ತೇ ಸಂಜೆ ಆರಕ್ಕೆ ಕನ್ನಡ ಕೂಟದ ಬಸವ ಜಯಂತಿಯಲ್ಲಿ ಅವನ ಭಾಷಣವಿತ್ತು. ವಿಷಯ ಪ್ರಾಣಿದಯೆ. ಎಂಥ ಶುಭಶಕುನ ಅಂದುಕೊಂಡ.

ಒಂಬತ್ತು ಗಂಟೆಗೆಲ್ಲ ಧೋತ್ರ ಉಟ್ಟು, ಧಾರವಾಡದಿಂದ ತಂದ ಕೆಂಪು ರುಮಾಲು ಸುತ್ತಿ, ಭಾಷಣದ ಹಾಳೆ ಹಿಡಿದು, ಹಿಂದಿನ ಬಯಲಿನ ಗೇಟಿನಿಂದ ಡೋರೀನಳ ಹಿತ್ತಲಿನ ಗೂಡಿಗೆ ರೆಜಿಗೆ ಕಾಳು ಹಾಕಲು ಹೋದ. ಕಾಳು ಹಾಕುತ್ತ ಭಾಷಣ ಶುರು ಮಾಡಿದ. ಅವನು ದನಿ ಏರಿಸಿದಾಗಲೆಲ್ಲ ರೆಜಿ ಗುಳುಗುಳು ಅನ್ನುತ್ತಿತ್ತು. ಕನ್ನಡ ಕೂಟದಲ್ಲಿ ಇಷ್ಟು ಗಮನವಿಟ್ಟು ಕೇಳುವವರು ಸಿಗುವುದು ಕಷ್ಟ. ಖುಷಿಯಲ್ಲಿ ಕೊನೆಯ ಪ್ಯಾರಾ ಹೇಳುತ್ತಲೇ ಮನೆಗೆ ಬಂದುಬಿಟ್ಟ.

ಹನ್ನೊಂದಕ್ಕೆ ಬಸಲಿಂಗವ್ವ ಅಡಿಗೆಮನೆಯ ಕಿಟಕಿಯಿಂದ ನೋಡಿದಳು. ಗೂಡಿನ ಬಾಗಿಲು ಹಾರುಹೊಡೆದಿತ್ತು. ಹಿಂದಿನ ಬಯಲಿಗೆ ಹೋಗುವ ಗೇಟೂ ಹಾರುಹೊಡೆದಿತ್ತು.

“ರೀ,” ಅಂದಳು, “ಅಗಳಿ ಹಾಕಿ ಬಂದಿರಿಲ್ಲೊ?”

ಮಹಾಲಿಂಗಪ್ಪ ಕಿಟಕಿಗೆ ಬಂದು ಇಣುಕಿದ. ಮುದುಕಿ ನಾಲ್ಕಕ್ಕೆ ಬಂದು ಖಾಲಿ ಗೂಡು ನೋಡಿದರೆ ಆಕೆಯ ಮುಖ ನೋಡುವುದಾದರೂ ಹೇಗೆ? ಆರಕ್ಕೆ ಯಾವ ಬಾಯಿಂದ ಪ್ರಾಣಿದಯೆ ಅನ್ನುವುದು? ನಿಜವಾಗಿ ಅವನಿಗೆ ಅಳು ಬಂತು. ರುಮಾಲು ಬಿಚ್ಚುವುದನ್ನೂ ಮರೆತು ಬಯಲಿಗೆ ಓಡಿದ.

ರೆಜಿ ಬಯಲಿನ ಆಚೆ ತುದಿಯ ಫಾರ್ಮಿನ ದಿಕ್ಕಿಗೆ, ಮದುವೆಮನೆಗೆ ಹೊರಟ ಬೀಗರ ಠೀವಿಯಲ್ಲಿ ನಡೆದಿತ್ತು. ಮಹಾಲಿಂಗಪ್ಪ ಹಿಂದಿನಿಂದ ಧೋತ್ರ ಎತ್ತಿ ಅಟ್ಟಿಸಿಕೊಂಡು ಹೋದ. ಅದು ಎಡಕ್ಕೆ ಹಾರಿತು. ಎಡಕ್ಕೆ ಹೋದ, ಬಲಕ್ಕೆ ಹಾರಿತು. ಒಂದು ತಾಸು ಹೀಗೆ ಆಡಿಸಿತು. ಬಸಲಿಂಗವ್ವ ಗೇಟಿನಲ್ಲಿ ನಿಂತು “ರೀ” ಅಂತ ಕೂಗಿದರೆ ಇಬ್ಬರೂ ಓಗೊಡುತ್ತಿದ್ದರು: ಗಂಡ “ಏನ” ಅಂದರೆ ಹುಂಜ ಗುಳುಗುಳು ಅನ್ನುತ್ತಿತ್ತು. ಗಂಡನ ಹೆಸರು ಹಿಡಿದು ಕರೆಯುವವಳಲ್ಲ ಅವಳು. ರೆಜಿಯೋ, ‘ರೆ’ ಅಂತ ಕೇಳಿದರೆ ಸಾಕು, ಅರ್ಧ ಹೆಸರಿಗೇ ಓಗೊಡುವ ಪ್ರಾಣಿ.

ಗದ್ದಲ ಕೇಳಿ ಮೂರು ಮನೆ ಆಚೆಯ ನಾರಾಯಣಸ್ವಾಮಿ ಬಂದ. ಬೆಂಗಳೂರಿನ ಸಾಫ್ಟ್‌ವೇರಿನವನು, ಲಂಡನ್ನಿಗೆ ಬರುವ ಮೊದಲು ಎರಡು ವರ್ಷ ಅಮೆರಿಕದ ಮಿಸೌರಿಯಲ್ಲಿದ್ದ. ಅಲ್ಲಿ ಅವನ ಮ್ಯಾನೇಜರು ವಸಂತ ಬಂತೆಂದರೆ ಟರ್ಕಿ ಬೇಟೆಗೆ ಹೋಗಿ ಸೋಮವಾರ ಬಂದು ಕತೆ ಹೇಳುತ್ತಿದ್ದನಂತೆ. ನಾರಾಯಣಸ್ವಾಮಿ ಟರ್ಕಿಯನ್ನು ಹತ್ತಿರದಿಂದ ನೋಡಿದ್ದು ಡೋರೀನಳ ಹಿತ್ತಲಿನಲ್ಲೇ ಆದರೂ ಸೋಮವಾರದ ಅನುಭವ ಬಹಳವಿತ್ತು.

“ಅಟ್ಟಿಸ್ಕೊಂಡು ಹೋದ್ರೆ ಸಿಗಲ್ಲ ಸಾರ್, ಅದೇ ನಮ್ಮ ಹತ್ರ ಬರ್ಬೇಕು,” ಅಂದ. “ಡಿಕಾಯ್ ಇಡ್ಬೇಕು. ಬಯಲಲ್ಲಿ ಒಂದು ಸುಳ್ಳು ಹಕ್ಕಿ ನಿಲ್ಸಿ, ನಾವು ಇಪ್ಪತ್ತು ಹೆಜ್ಜೆ ಹಿಂದೆ ಮರಕ್ಕೆ ಬೆನ್ನು ಕೊಟ್ಟು ಅಲ್ಲಾಡ್ದೆ ಕೂತ್ಕೋಬೇಕು.”

ಮಹಾಲಿಂಗಪ್ಪ ಕಣ್ಣುಕಣ್ಣು ಬಿಟ್ಟ. ಬಸಲಿಂಗವ್ವನಿಗೆ ಮಾತ್ರ ತಟ್ಟನೆ ತಿಳಿಯಿತು. ಅವಳ ತವರೂರಿನಲ್ಲಿ ಕೌಜುಗ ಹಿಡಿಯುವವರು ಸಾಕಿದ ಕೌಜುಗವನ್ನು ಪಂಜರದಲ್ಲಿಟ್ಟು ಕೂಗಿಸುತ್ತಿದ್ದರು; ಆ ಕೂಗು ನಂಬಿ ಅಡವಿಯ ಹಕ್ಕಿ ಬಂದು ಬಲೆಗೆ ಬೀಳುತ್ತಿತ್ತು. “ಅದಕ್ಕ ದೀವದ ಹಕ್ಕಿ ಅಂತಾರ,” ಅಂದಳು. “ನಮ್ಮಪ್ಪ ಹೇಳ್ತಿದ್ದ, ದೀವದ ಹಕ್ಕಿ ಭಾಳ ಸವಿಯಾಗಿ ಮಾತಾಡ್ತದ ಅಂತ.”

ಈಗ ಸುಳ್ಳು ಹಕ್ಕಿ ಎಲ್ಲಿಂದ ತರುವುದು? ನಾರಾಯಣಸ್ವಾಮಿಯ ಗ್ಯಾರೇಜಿನಲ್ಲಿ ಕನ್ನಡ ಕೂಟದ ನಾಟಕದ ಸಾಮಾನಿತ್ತು. ಅದರಲ್ಲಿ ಷಣ್ಮುಖನ ವಾಹನದ ರಟ್ಟಿನ ನವಿಲು, ಗರಿ ಬಿಚ್ಚಿ ನಿಂತದ್ದು, ಇಬ್ಬರು ಹೊರುವಷ್ಟು ದೊಡ್ಡದು. ಹೊತ್ತು ತಂದು ಬಯಲಲ್ಲಿ ನಿಲ್ಲಿಸಿದರು. ರೆಜಿ ಒಂದು ಸಲ ತಲೆ ಎತ್ತಿ ನೋಡಿ ಹತ್ತು ಮಾರು ಹಿಂದಕ್ಕೆ ಓಡಿತು.

ನಾರಾಯಣಸ್ವಾಮಿ ಮನೆಗೆ ಹೋಗಿ ಇಂಟರ್‌ನೆಟ್ಟಿನಿಂದ ನಾಲ್ಕು ಹಾಳೆ ಮುದ್ರಿಸಿ ತಂದ. ಅದರ ಪ್ರಕಾರ ಸುಳ್ಳು ಹಕ್ಕಿ ನಿಜವಾದ ಹಕ್ಕಿಗಿಂತ ಭರ್ಜರಿಯಾಗಿರಕೂಡದು, ಹುಂಜಕ್ಕೆ ಅಂಜಿಕೆಯಾಗುತ್ತದೆ. ಹೆಣ್ಣು ಹಕ್ಕಿಯಾದರೆ ಉತ್ತಮ, ಗಾಳಿಗೆ ಸ್ವಲ್ಪ ಅಲ್ಲಾಡುತ್ತಿದ್ದರೆ ಇನ್ನೂ ಉತ್ತಮ. ಇಲ್ಲದಿದ್ದರೆ ಒಬ್ಬ ಸಣಕಲು ಹರೆಯದ ಗಂಡನ್ನು ನಿಲ್ಲಿಸಬೇಕು. ಇವನನ್ನೇನು, ಎರಡೇಟಿಗೆ ಕೆಡವುತ್ತೇನೆ ಅಂತ ಹುಂಜ ಜಗಳಕ್ಕೆ ಬರುತ್ತದೆ. ಗಂಡಿನ ಗುರುತು ಕೆಂಪು ತಲೆ.

ಬಸಲಿಂಗವ್ವ ಹೆಣ್ಣೇ ಇರಲಿ ಅಂದು ಕರಿಯ ಕಂಬಳಿ ಸುತ್ತಿ ಮೈ ಮಾಡಿದಳು, ಗಂಡನ ಬೂದು ಕಾಲುಚೀಲಕ್ಕೆ ಸೌಟು ತೂರಿಸಿ ಕತ್ತು ಮಾಡಿದಳು. ನೋಡಲು ತಕ್ಕಮಟ್ಟಿಗೆ ಲಕ್ಷಣವಾಗಿಯೇ ಇತ್ತು. ಮಹಾಲಿಂಗಪ್ಪ ಇಪ್ಪತ್ತು ಹೆಜ್ಜೆ ಹಿಂದೆ ಓಕ್ ಮರಕ್ಕೆ ಒರಗಿ ಕಲ್ಲಿನ ಹಾಗೆ ಕೂತ. ರೆಜಿ ಕತ್ತು ಓರೆ ಮಾಡಿ ನೋಡಿತು. ಒಂದೊಂದೇ ಹೆಜ್ಜೆ ಹತ್ತಿರ ಬಂತು. ಆಗ ಎಲ್ಲಿತ್ತೋ ಏನೋ, ಯಾರದೋ ನಾಯಿ ನುಗ್ಗಿ ಬಂದು ಕಂಬಳಿ, ಕಾಲುಚೀಲ, ಸೌಟು ಸಮೇತ ವಧುವನ್ನು ಕಚ್ಚಿಕೊಂಡು ಕಾಲುವೆ ಕಡೆ ಓಡಿಹೋಯಿತು. ಸೌಟು ಹೋದದ್ದಕ್ಕೆ ಬಸಲಿಂಗವ್ವ ಮರುಗಿದಳು.

ಮೂರೂಕಾಲಾಗಿತ್ತು. ಮಹಾಲಿಂಗಪ್ಪ ಮುಖ ಮುಚ್ಚಿಕೊಂಡು ಎಲ್ಲಾ ಮುಗಿಯಿತು ಅಂದುಕೊಂಡ. ಕೈ ತೆಗೆದು ನೋಡಿದರೆ ರೆಜಿ ಎದುರಿಗೇ ನಿಂತಿತ್ತು. ಬಾಲ ಬೀಸಣಿಗೆಯಾಗಿತ್ತು, ರೆಕ್ಕೆ ನೆಲ ಕೆರೆಯುತ್ತಿತ್ತು. ಅದರ ಕಣ್ಣು ಇದ್ದದ್ದು ಅವನ ಕೆಂಪು ರುಮಾಲಿನ ಮೇಲೆ.

“ಅಲ್ಲಾಡ್ಬೇಡಿ ಸಾರ್,” ನಾರಾಯಣಸ್ವಾಮಿ ಪೊದೆಯ ಹಿಂದಿನಿಂದ ಪಿಸುಗುಟ್ಟಿದ. “ನೀವೇ ಡಿಕಾಯ್. ನಿಮ್ಮನ್ನ ಸಣಕಲು ಗಂಡು ಅಂದ್ಕೊಂಡಿದೆ.”

ಐವತ್ತೊಂದು ವರ್ಷದ ಮನುಷ್ಯನಿಗೆ ಯಾರಾದರೂ ಹರೆಯದವನು ಅಂದರೆ ಬೇಸರವಿಲ್ಲ, ಆದರೆ ಆ ಹೊತ್ತಿಗೆ ಹುಂಜ ಅವನ ಮೂಗಿಗೆ ಕುಕ್ಕಿತ್ತು. ಮಹಾಲಿಂಗಪ್ಪ ಮೆಲ್ಲಗೆ ಎದ್ದು ಹಿಂದಕ್ಕೆ ಹೆಜ್ಜೆ ಇಟ್ಟ. ರೆಜಿ ಮುಂದಕ್ಕೆ ಇಟ್ಟಿತು. ಹೀಗೆ ಬಯಲು ದಾಟಿ, ಗೇಟು ದಾಟಿ, ಇಡೀ ಬೀದಿ ಹಿತ್ತಲ ಕಿಟಕಿಗಳಲ್ಲಿ ನಿಂತು ನೋಡುತ್ತಿರಲು, ಹಿಮ್ಮುಖವಾಗಿ ನಡೆದು ಗೂಡಿನೊಳಗೆ ಹೊಕ್ಕ. ರೆಜಿಯೂ ಹೊಕ್ಕಿತು. ಆಗ ಮಹಾಲಿಂಗಪ್ಪ ಜನ್ಮದಲ್ಲಿ ಮೊದಲ ಸಲ ತಿರುಗಿ ನಿಂತು ಅಗಳಿ ಹಾಕಿದ. ಒಳಗಿನಿಂದ ಹಾಕಿದ್ದೇನೆ ಅಂತ ಆಮೇಲೆ ತಿಳಿಯಿತು. ತೆಗೆಯೋಣವೆಂದರೆ ಹುಂಜ ಅಗಳಿಗೆ ಅಡ್ಡ ನಿಂತಿತ್ತು.

ನಾಲ್ಕಕ್ಕೆ ಡೋರೀನ್ ಬಂದಾಗ ಇಬ್ಬರೂ ಗೂಡಿನಲ್ಲಿ ಎದುರುಬದುರು ಕೂತಿದ್ದರು. ಮಹಾಲಿಂಗಪ್ಪ ನಡೆದದ್ದೆಲ್ಲ ಹೇಳಿ, ತಪ್ಪಾಯಿತು, ಆದರೆ ಹಿಡಿದು ತಂದೆ, ನಿನ್ನ ನಂಬಿಕೆ ಉಳಿಸಿದೆ ಅಂದ. ಮುದುಕಿ ರೆಜಿಯನ್ನು ನೋಡಿದಳು, ಅವನನ್ನು ನೋಡಿದಳು, ಬಕೆಟ್ಟು ಬೋರಲು ಹಾಕಿ ಅದರ ಮೇಲೆ ಕೂತು ನಿಟ್ಟುಸಿರಿಟ್ಟಳು. ಮುಂದಿನ ತಿಂಗಳು ಆಕೆ ಮನೆ ಬಿಟ್ಟು ಬ್ರೈಟನ್ನಿನ ತಂಗಿಯ ಫ್ಲಾಟಿಗೆ ಹೋಗುವವಳಿದ್ದಳಂತೆ. ಅಲ್ಲಿ ಹಕ್ಕಿ ಸಾಕುವಂತಿಲ್ಲ. ಬಯಲಿನಾಚೆಯ ಫಾರ್ಮಿನಲ್ಲಿ ಒಬ್ಬ ಒಳ್ಳೆಯ ಹೆಂಗಸು ಎರಡು ಹೆಣ್ಣು ಟರ್ಕಿ ಸಾಕಿದ್ದಾಳೆ, ಬಾಗಿಲು ತೆರೆದಿದ್ದು ಯಾರೂ ಹಿಡಿಯದಿದ್ದರೆ ರೆಜಿ ತಾನಾಗಿ ಅಲ್ಲಿಗೆ ಹೋಗುತ್ತಿತ್ತು, ಸುಖವಾಗಿರುತ್ತಿತ್ತು.

“ಮಾರಬೇಡ, ಕೊಲ್ಲಬೇಡ, ಕೊಡಬೇಡ ಅಂದಿದ್ದ ನನ್ನ ಗಂಡ. ಓಡಿಹೋಗಬಾರದು ಅಂತ ಹೇಳಿರಲಿಲ್ಲ,” ಅಂದಳು ಡೋರೀನ್. “ನನ್ನ ಕೈಯಾರೆ ಬಾಗಿಲು ತೆರೆಯಲು ಮನಸ್ಸು ಬರಲಿಲ್ಲ. ಹದಿನೆಂಟು ವರ್ಷದಲ್ಲಿ ನೀನು ಒಂದು ದಿನ ಅಗಳಿ ಹಾಕಿದವನಲ್ಲ. ಅದಕ್ಕೇ ನಿನಗೆ ಒಪ್ಪಿಸಿ ಹೋದೆ.”

ಮಹಾಲಿಂಗಪ್ಪ ಕೆಂಪು ರುಮಾಲು ಬಿಚ್ಚಿ ಮಡಿಲಲ್ಲಿಟ್ಟುಕೊಂಡ.

“ಇರಲಿ,” ಅಂತ ಆಕೆ ಎದ್ದು ಕಣ್ಣೊರೆಸಿಕೊಂಡಳು. “ಬಯಲಲ್ಲಿ ಹಿಡಿದ ಹಕ್ಕಿ ಹಿಡಿದವನದು. ನಾನಂತೂ ಕೊಡುತ್ತಿಲ್ಲ. ಹೇಗೂ ಶಾಕಾಹಾರಿ, ಚೆನ್ನಾಗಿ ನೋಡಿಕೋ.”

ಸಂಜೆ ಮೂಗಿಗೆ ಪ್ಲಾಸ್ಟರು ಹಚ್ಚಿಕೊಂಡೇ ಭಾಷಣವಾಯಿತು. ಅಷ್ಟರೊಳಗೆ ನಾರಾಯಣಸ್ವಾಮಿ ಸಭೆಗೆಲ್ಲ ಕತೆ ಹರಡಿದ್ದರಿಂದ, ಅಧ್ಯಕ್ಷರು ಅವನನ್ನು ನಮ್ಮ ಬೇಟೆಗಾರ ಮಹಾಲಿಂಗಪ್ಪನವರು ಅಂತಲೇ ಪರಿಚಯಿಸಿದರು. ಚಪ್ಪಾಳೆ ಮಾತ್ರ ಜೋರಾಗಿ ಬಿತ್ತು. ದಾರಿಯಲ್ಲಿ ಬಸಲಿಂಗವ್ವ ಅಂದಳು, “ನಿಮ್ಮಂಥಾ ಶಾಕಾಹಾರಿ ಇಲ್ಲ ಅಂತ ಮುದುಕಿ ಸವಿಯಾಗಿ ಅಂದ್ಲಲ್ಲ, ಅದ ನೋಡ್ರಿ ದೀವದ ಹಕ್ಕಿ. ನೀವು ಗುರ್ತ ಹಿಡೀಲಿಲ್ಲ.”

ಮರುದಿನ ಮಹಾಲಿಂಗಪ್ಪ ಬೇಕೆಂದೇ ಎಲ್ಲ ಗೇಟೂ ತೆರೆದಿಟ್ಟ. ರೆಜಿ ಬಯಲಿನ ಕಡೆ ಕತ್ತು ಹೊರಳಿಸಲಿಲ್ಲ. ಅದಕ್ಕೆ ಈಗ ಹೆಣ್ಣು ಬೇಡವಾಗಿತ್ತು, ಎದುರಾಳಿ ಸಿಕ್ಕಿದ್ದ. ಅಡಿಗೆಮನೆಯ ಹೊಸ್ತಿಲಲ್ಲೇ ಠಿಕಾಣಿ ಹೂಡಿತು. ನಿಜ ಹೇಳಬೇಕೆಂದರೆ, ವಾರ ಕಳೆಯುವಷ್ಟರಲ್ಲಿ ಮಹಾಲಿಂಗಪ್ಪನಿಗೂ ಅದರ ಮೇಲೆ ಅಕ್ಕರೆ ಬಂತು. ಸಂಜೆ ಹೊತ್ತು ಅದರ ಮುಂದೆ ಕೂತು ಮುಂದಿನ ವರ್ಷದ ಭಾಷಣ ಓದುತ್ತಿದ್ದ.

ಅಂಥದೊಂದು ಸಂಜೆ ಬಸಲಿಂಗವ್ವ ಒಳಗಿನಿಂದ ಕೂಗಿದಳು: “ರೀ, ಬರ್ರಿ, ರೊಟ್ಟಿ ಆರತದ.”

ಜೋಳದ ರೊಟ್ಟಿಯ ವಾಸನೆ ಬಂದಿತ್ತು. ಮಹಾಲಿಂಗಪ್ಪ ಹಾಳೆ ಮಡಿಚಿಟ್ಟು ಅವಸರದಿಂದ ಹೋಗಿ ಕೈ ತೊಳೆದು ಕೂತ. ಬಸಲಿಂಗವ್ವ ಬಿಸಿ ರೊಟ್ಟಿ ಮುರಿದ ತಾಟು ಹಿಡಿದು ಅವನನ್ನು ದಾಟಿ ಹೊಸ್ತಿಲಿಗೆ ಹೋದಳು. ಅಲ್ಲಿ ಗುಳುಗುಳು ಕೇಳಿಸಿತು.

“ನಿಮ್ಮನ್ನ ಯಾರು ಕರದ್ರು?” ಅಂದಳು. “ನಾ ಅವ್ರನ್ನ ಕರದೆ.”

ಮಹಾಲಿಂಗಪ್ಪ ಎದ್ದು ತನ್ನ ರೊಟ್ಟಿ ತಾನೇ ಹಾಕಿಕೊಂಡ.